ಬೆಳಿಗ್ಗೆ ಸ್ಟಾರ್ಟ್ ಆಗದ ಹಳೇ ಮಾರುತಿ

ಹಳೇ ಕಾರು ಸ್ಟಾರ್ಟ್ ಆಗದೆ ನಿಂತರೆ ಸಲಹೆಗೇನೂ ಬರವಿಲ್ಲ. ಒಬ್ಬರು ತಳ್ಳೋಣ ಅನ್ನುತ್ತಾರೆ, ಇನ್ನೊಬ್ಬರು ಪ್ಲಗ್ ಬಿಚ್ಚಿ ಅನ್ನುತ್ತಾರೆ, ಮೂರನೆಯವರು ಕಾರ್ಬುರೇಟರಿಗೆ ನಾಲ್ಕು ಹನಿ ಪೆಟ್ರೋಲ್ ಬಿಡಿ ಅನ್ನುತ್ತಾರೆ. ಮೊದಲೆರಡಕ್ಕೆ ಅವುಗಳದೇ ಹೊತ್ತಿದೆ, ಮೂರನೆಯದು ಬೇಡ. ಯಾವುದು ಮೊದಲು ಅನ್ನುವುದನ್ನು ಕೀ ತಿರುಗಿಸಿದಾಗ ಬರುವ ಸದ್ದೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ಮೊದಲು ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ.

ಇಲ್ಲಿ ಉದಾಹರಣೆಗೆ ಕಾರ್ಬುರೇಟರ್ ಇರುವ ಮಾರುತಿ 800 ಇಟ್ಟುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 796 ಸಿಸಿ, ಮೂರು ಸಿಲಿಂಡರ್, ಬಾನೆಟ್ ಎತ್ತಿದರೆ ಬೇಕಾದದ್ದೆಲ್ಲ ಕೈಗೆ ಸಿಗುವ ಎಂಜಿನ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ ಅಂತ ನನ್ನ ಅಭಿಪ್ರಾಯ. ಪದ್ಮಿನಿಗೂ ಪೆಟ್ರೋಲ್ ಅಂಬಾಸಿಡರಿಗೂ ಹೆಚ್ಚುಕಡಿಮೆ ಇದೇ ಕ್ರಮ ಹೊಂದುತ್ತದೆ. 2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಮಾದರಿಗಳಿಗೆ ಬ್ಯಾಟರಿ, ಸೆಲ್ಫ್ ಮೋಟರಿನ ಮಾತು ಮಾತ್ರ ಅನ್ವಯಿಸುತ್ತದೆ.

ಬೇಕಾದ ಸಾಮಾನು ಇಷ್ಟೇ: 10ರ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಒಂದು ಹೆಚ್ಚುವರಿ ಸ್ಪಾರ್ಕ್ ಪ್ಲಗ್, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್, ಸಣ್ಣ ಸ್ಯಾಂಡ್‌ಪೇಪರ್ ತುಂಡು, ಒಣಬಟ್ಟೆ, ಸಾಧ್ಯವಾದರೆ ಅಗ್ಗದ ಒಂದು ಮಲ್ಟಿಮೀಟರ್. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಶಾಲು, ಸೆರಗು ಫ್ಯಾನ್ ಬೆಲ್ಟಿನ ಹತ್ತಿರ ಸುಳಿಯದಿರಲಿ. ಬೀಡಿ ಸಿಗರೇಟು ದೂರ.

ಹಂತ 1: ಕೀ ತಿರುಗಿಸಿ, ಕೇಳಿ

ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ. ಐದಾರು ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆದರೆ ಮೋಟರ್ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ. ಎರಡು ಪ್ರಯತ್ನಗಳ ನಡುವೆ ಅರ್ಧ ನಿಮಿಷವಾದರೂ ಬಿಡಿ.

ಕಟಕಟಕಟ ಅಂತ ಬಿಡದೆ ಸದ್ದು ಬಂದು ಲೈಟು ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಟರ್ಮಿನಲ್ ಹಿಡಿತ ಸರಿಯಿಲ್ಲ. ಒಂದೇ ಸಲ ಟಕ್ ಅಂದು ಸುಮ್ಮನಾದರೆ, ಲೈಟು ಚೆನ್ನಾಗಿಯೇ ಇದ್ದರೆ, ಸೆಲ್ಫ್ ಮೋಟರಿನ ಮೇಲೆ ಅನುಮಾನ ಪಡಿ. ಸದ್ದೇ ಇಲ್ಲ, ಲೈಟು ಮಾತ್ರ ಪ್ರಖರವಾಗಿದೆ ಅಂದರೆ ಕೀ ಸ್ವಿಚ್ಚಿನಿಂದ ಸೆಲ್ಫ್ ಮೋಟರಿನ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರ್ ಕಳಚಿರಬಹುದು. ಬೆರಳಿನಿಂದ ಒತ್ತಿ ನೋಡಿ. ಲೈಟೂ ಹತ್ತದಿದ್ದರೆ ನೇರ ಬ್ಯಾಟರಿ ಟರ್ಮಿನಲ್ಲಿಗೆ ಹೋಗಿ. ಎಂಜಿನ್ ಎಂದಿನಂತೆ ತಿರುಗುತ್ತಿದ್ದೂ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿಯನ್ನು ಮರೆತು ಮೂರನೇ ಹಂತಕ್ಕೆ ಜಿಗಿಯಿರಿ.

ಹಂತ 2: ಬ್ಯಾಟರಿ, ಟರ್ಮಿನಲ್, ಅರ್ಥ್

ಬ್ಯಾಟರಿ ಹೋಯಿತು ಅಂತ ಹೊಸದು ತಂದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಟರ್ಮಿನಲ್ ಉಜ್ಜುವ ಕೆಲಸ ಮಾತ್ರ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಕರೆಂಟು ಅದನ್ನು ದಾಟಿ ಬರಲಾರದು. ಕೈಯಿಂದ ತಿರುಚಿದರೆ ಕ್ಲ್ಯಾಂಪ್ ಅಲುಗಾಡಿತೋ, ಅದೂ ರೋಗವೇ.

ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಬಿಚ್ಚಿದ್ದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಪುಡಿಯ ಮೇಲೆ ಅಡುಗೆ ಸೋಡಾ ಕದಡಿದ ಬಿಸಿನೀರು ಸುರಿದು, ಒರೆಸಿ, ಸ್ಯಾಂಡ್‌ಪೇಪರಿನಿಂದ ಸೀಸ ಹೊಳೆಯುವಂತೆ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಮತ್ತೆ ಬಿಗಿದ ಮೇಲೆ ಮೇಲ್ಗಡೆ ಸ್ವಲ್ಪ ವ್ಯಾಸಲೀನ್ ಸವರಿ. ನೆಗೆಟಿವ್ ಕೇಬಲ್ಲಿನ ಇನ್ನೊಂದು ತುದಿಯನ್ನು ಬಹಳ ಜನ ನೋಡುವುದೇ ಇಲ್ಲ. ಅದು ಬಾಡಿಗೂ ಎಂಜಿನ್ನಿಗೂ ಸೇರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಬ್ಯಾಟರಿಯೂ ಕಟಕಟ ಅನ್ನುತ್ತದೆ.

ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಬರಿದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ತೋರಿಸಬೇಕು. ತೋರಿಸದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ನಾಳೆಯೂ ಇದೇ ಪಾಡು.

ಪಕ್ಕದ ಮನೆಯ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವುದಾದರೆ ಕ್ರಮ ಹೀಗೆ: ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪಾಸಿಟಿವಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವಿಗೆ, ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವಿಗೆ, ಅದರ ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಏಳುವುದುಂಟು. ಬ್ಯಾಟರಿಯಿಂದ ಹೈಡ್ರೋಜನ್ ಬರುವ ಕಾರಣ ಆ ಕಿಡಿ ಅದರ ಮೇಲೆ ಬೇಡ. ಕಳಚುವುದು ಇದರ ತಿರುಗಾಮುರುಗಾ.

ತಳ್ಳುವುದಕ್ಕೂ ಇದೇ ಹೊತ್ತು. ಸೆಲ್ಫ್ ತೆಗೆದುಕೊಳ್ಳದ ಗಾಡಿಗೆ ಮಾತ್ರ ಅದು ಮದ್ದು. ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿದು, ವೇಗ ಬಂದ ಮೇಲೆ ಥಟ್ಟನೆ ಬಿಡಿ. ಸೆಲ್ಫಿಗೆ ಎಂಜಿನ್ ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದ ಗಾಡಿಯನ್ನು ತಳ್ಳಿದರೆ ತಳ್ಳಿದವರಿಗೆ ಕಾಫಿ ಕೊಡಿಸುವ ಖರ್ಚು ಮಾತ್ರ.

ಹಂತ 3: ಕರೆಂಟು ಬರುತ್ತಿದೆಯೇ

ಮೆಕ್ಯಾನಿಕ್‌ಗಳು ಕರೆಂಟು ಅನ್ನುವುದು ಪ್ಲಗ್ಗಿನ ಕಿಡಿಗೆ. ಒಂದು ಪ್ಲಗ್ಗಿನ ಕೇಬಲ್ ಎಳೆದು ತೆಗೆದು, ನಿಮ್ಮಲ್ಲಿರುವ ಹೆಚ್ಚುವರಿ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ. ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ತಾಗಿರಲಿ. ಕೇಬಲ್ಲನ್ನು ರಬ್ಬರ್ ಹಿಡಿಯ ಪ್ಲೇಯರಿನಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡ. ಸುತ್ತ ಪೆಟ್ರೋಲ್ ಚೆಲ್ಲಿಲ್ಲ ಅಂತ ಖಚಿತ ಮಾಡಿಕೊಂಡು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಚಟಚಟ ಅಂತ ನೀಲಿ ಕಿಡಿ ಬಂದರೆ ಕರೆಂಟು ಸರಿ, ನಾಲ್ಕನೇ ಹಂತಕ್ಕೆ ಹೋಗಿ. ಹಳದಿ, ಬಡಕಲು ಕಿಡಿ ಅಥವಾ ಏನೂ ಇಲ್ಲದಿದ್ದರೆ ಕಾರಣ ಡಿಸ್ಟ್ರಿಬ್ಯೂಟರಿನ ಆಸುಪಾಸಿನಲ್ಲಿದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ. ಮೊದಲು ನೋಡಬೇಕಾದ್ದು ತೇವ. ತೀರ್ಥಹಳ್ಳಿ, ಮಡಿಕೇರಿ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದ ಕಾರುಗಳಲ್ಲಿ ಮೊದಲ ಅನುಮಾನ ಇದರ ಮೇಲೆಯೇ. ಕ್ಯಾಪಿನ ಒಳಗೆ ಕಾಣದಷ್ಟು ತೆಳುವಾಗಿ ಹನಿ ಕೂತರೂ ಕರೆಂಟು ಪ್ಲಗ್ಗಿಗೆ ಹೋಗದೆ ಅಲ್ಲೇ ಹರಿದುಹೋಗುತ್ತದೆ. ಒಣಬಟ್ಟೆಯಿಂದ ಕ್ಯಾಪು, ರೋಟರ್, ಕೇಬಲ್‌ಗಳನ್ನೆಲ್ಲ ಒರೆಸಿ. ಕ್ಯಾಪಿನೊಳಗೆ ಪೆನ್ಸಿಲ್ ಗೀಚಿದ ಹಾಗೆ ಕಪ್ಪು ಗೆರೆ ಕಂಡರೆ ಅದು ಸೀಳು; ಒರೆಸಿದರೆ ಹೋಗುವುದಲ್ಲ, ಹೊಸದು ಹಾಕಬೇಕು. ಮಲೆನಾಡಿನಲ್ಲಿ ಇನ್ನೊಂದು ಕಾಟ ಇಲಿ. ವಾರಗಟ್ಟಲೆ ನಿಂತ ಕಾರಿನ ವೈರುಗಳ ಮೇಲೆ ಹಲ್ಲಿನ ಗುರುತಿದೆಯೇ ಅಂತಲೂ ಒಮ್ಮೆ ಕಣ್ಣಾಡಿಸಿ.

ಕ್ಯಾಪ್ ತೆರೆದಿರುವಾಗಲೇ ಒಂದು ದೊಡ್ಡ ಪರೀಕ್ಷೆ ಮುಗಿಸಿಬಿಡಿ. ಕಾಯಿಲ್‌ನಿಂದ ಬರುವ ದಪ್ಪ ಕೇಬಲ್ಲನ್ನು ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಯಿಸಿ ರೋಟರ್ ನೋಡಿ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್. ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಎಂಜಿನ್ ತಿರುಗುತ್ತಿದ್ದು ರೋಟರ್ ಮಾತ್ರ ನಿಂತಿದ್ದರೆ ಬೆಲ್ಟ್ ಹರಿದಿರುವ ಸಾಧ್ಯತೆಯೇ ಹೆಚ್ಚು. ಸೆಲ್ಫಿನ ಸದ್ದೂ ತಡೆಯಿಲ್ಲದೆ ಹಗುರವಾಗಿ ಗಿರ್‍ರನೆ ಓಡಿದಂತಿರುತ್ತದೆ. ಅಲ್ಲಿಗೆ ಕೀ ಜೇಬಿಗೆ ಹಾಕಿ, ನೇರ ಐದನೇ ಹಂತಕ್ಕೆ ಹೋಗಿ. ಮತ್ತೆ ಸೆಲ್ಫ್ ಬೇಡ, ತಳ್ಳುವುದಂತೂ ಬೇಡವೇ ಬೇಡ.

ರೋಟರ್ ತಿರುಗಿದರೆ ಅದರ ಕೆಳಗಿರುವ ಪಾಯಿಂಟ್ ನೋಡಿ. ಎರಡು ಪುಟ್ಟ ಮುಖಗಳು ಎಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚುತ್ತವೆ. ಸುಟ್ಟು ಕಪ್ಪಾಗಿದ್ದರೆ ಕೀ ಆಫ್ ಮಾಡಿ ಸ್ಯಾಂಡ್‌ಪೇಪರನ್ನು ನಡುವೆ ತೂರಿಸಿ ಮೃದುವಾಗಿ ಉಜ್ಜಿ, ಆಮೇಲೆ ಶುದ್ಧ ಕಾಗದ ಎಳೆದು ಪುಡಿ ತೆಗೆಯಿರಿ. ಪೂರ್ತಿ ತೆರೆದಾಗ ನಡುವೆ 0.4ರಿಂದ 0.5 ಮಿಲಿಮೀಟರ್ ಸಂದು ಇರಬೇಕು. ಉಜ್ಜಿದ್ದು ಇವತ್ತಿನ ಮಟ್ಟಿಗೆ. ಹೊಸ ಪಾಯಿಂಟನ್ನು ಕಂಡೆನ್ಸರ್ ಜೊತೆಗೇ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುತ್ತದೆ. ನಿಮ್ಮ ಗಾಡಿಯಲ್ಲಿ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಇಲ್ಲಿ ಉಜ್ಜುವಂಥದ್ದೇನೂ ಇಲ್ಲ.

ಹಂತ 4: ಪೆಟ್ರೋಲ್

ಹಳೇ ಕಾರಿನ ಪೆಟ್ರೋಲ್ ಮುಳ್ಳನ್ನು ನಂಬಬೇಡಿ. ಅನುಮಾನವಿದ್ದರೆ ಎರಡು ಲೀಟರ್ ಹಾಕಿಸಿಯೇ ಮುಂದಿನ ಮಾತು.

ಏರ್ ಫಿಲ್ಟರ್ ತೆಗೆದು, ಎಂಜಿನ್ ಆಫ್ ಇರುವಾಗ ಕಾರ್ಬುರೇಟರಿನ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒಮ್ಮೆ ಎಳೆಯಿರಿ. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಮೇಲಕ್ಕೆ ಪೆಟ್ರೋಲೇ ಬರುತ್ತಿಲ್ಲ: ಫಿಲ್ಟರ್ ಕಟ್ಟಿದೆ, ಟ್ಯೂಬ್ ಸೀಳಿದೆ ಅಥವಾ ಪಂಪಿನ ಪೊರೆ ಹರಿದಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಆ ಕಾಲದ ರಬ್ಬರ್ ಟ್ಯೂಬಿಗೆ ಅದು ಹಿಡಿಸುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಟ್ಯೂಬನ್ನು ಬಾಗಿಸಿದಾಗ ಗೆರೆ ಬಿಟ್ಟರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಪೆಟ್ರೋಲ್ ಜಿನುಗುವ ಕಾರನ್ನು ಸ್ಟಾರ್ಟ್ ಮಾಡಲು ನೋಡುವುದು ಹುಡುಗಾಟವಲ್ಲ.

ಕಾರ್ಬುರೇಟರಿಗೆ ಪೆಟ್ರೋಲ್ ಸುರಿಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಹಿಂದಕ್ಕೆ ಬೆಂಕಿ ಉಗುಳಿದರೆ ನಿಮ್ಮ ಮುಖ ಅಲ್ಲೇ ಇರುತ್ತದೆ.

ಧಾರೆ ಚಿಮ್ಮಿದರೆ ಚೋಕ್ ಕಡೆ ಗಮನ ಕೊಡಿ. ತಣ್ಣಗಿನ ಎಂಜಿನ್ನಿಗೆ ಚೋಕ್ ಪೂರ್ತಿ ಎಳೆದು, ಆಕ್ಸಿಲರೇಟರ್ ತುಳಿಯದೆ ಸೆಲ್ಫ್ ಹೊಡೆಯಬೇಕು. ಓಡತೊಡಗಿದ ಮೇಲೆ ಮೆಲ್ಲಮೆಲ್ಲನೆ ಒಳಗೆ ತಳ್ಳಬೇಕು. ಗಾಬರಿಯಲ್ಲಿ ಹತ್ತಾರು ಸಲ ತುಳಿದವರ ಕಾರು ಪೆಟ್ರೋಲ್ ವಾಸನೆ ಹೊಡೆಯುತ್ತದೆ, ಪ್ಲಗ್ ಬಿಚ್ಚಿದರೆ ಒದ್ದೆ. ಇದಕ್ಕೆ ಓವರ್‌ಫ್ಲೋ ಅನ್ನುತ್ತಾರೆ. ಚೋಕ್ ಪೂರ್ತಿ ಒಳಗೆ ತಳ್ಳಿ ಹತ್ತು ನಿಮಿಷ ಬಿಡಿ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದೇ ಸೆಲ್ಫ್ ಹೊಡೆಯಿರಿ, ಎತ್ತಿ ಎತ್ತಿ ತುಳಿಯಬೇಡಿ. ಆಗಲೂ ಆಗದಿದ್ದರೆ ಮೂರೂ ಪ್ಲಗ್ ಬಿಚ್ಚಿ ಒಣಗಿಸಿ, 0.7ರಿಂದ 0.8 ಮಿಲಿಮೀಟರ್ ಸಂದು ಇದೆಯೇ ನೋಡಿ ಹಾಕಿ. ಕೇಬಲ್‌ಗಳು ಅದಲುಬದಲಾಗದಂತೆ ಒಂದೊಂದೇ ಬಿಚ್ಚುವುದು ಲೇಸು.

ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಕಥೆ ಬೇರೆ. ಚೆನ್ನಾಗಿ ಓಡಿದ ಕಾರನ್ನು ಅರ್ಧ ಗಂಟೆ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗುವುದಿಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲಾರದೆ ಕೂತಿರುತ್ತದೆ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ, ಆರಲು ಬಿಡಿ. ಚೋಕ್ ಮುಟ್ಟಬೇಡಿ.

ಹಂತ 5: ಮೆಕ್ಯಾನಿಕ್‌ಗೆ ಫೋನ್

ಕರೆಂಟೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಎಂಜಿನ್ ಹತ್ತುತ್ತಿಲ್ಲ ಅಂದರೆ ಉಳಿದದ್ದು ಟೈಮಿಂಗ್, ಕಂಪ್ರೆಷನ್. ಅವನ್ನು ಮನೆಯಂಗಳದಲ್ಲಿ ಕೆದಕುವುದು ಬೇಡ. ಫೋನಿನಲ್ಲಿ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತ ಮಾತ್ರ ಹೇಳಿದರೆ ಅವರು ಸಾಮಾನಿಲ್ಲದೆ ಬರುತ್ತಾರೆ. "ಅಣ್ಣಾ, ಸೆಲ್ಫ್ ಚೆನ್ನಾಗಿ ತಗೊಳ್ತಿದೆ, ಬ್ಯಾಟರಿ 12.5 ಇದೆ, ಡಿಸ್ಟ್ರಿಬ್ಯೂಟರ್ ತಿರುಗ್ತಾ ಇಲ್ಲ" ಅಂದರೆ ಬೆಲ್ಟ್ ತಂದುಕೊಂಡೇ ಬರುತ್ತಾರೆ.