ದೂರದ ಗುರಿ, ಹತ್ತಿರದ ಹೆಜ್ಜೆ

ಪ್ರತಿ ವರ್ಷವೂ ಕಾಲೇಜಿನ ಮೊದಲನೆಯ ಕಿರುಪರೀಕ್ಷೆ ಮುಗಿದ ವಾರದಲ್ಲಿ ನಮ್ಮ ಕಿವಿಗೆ ಒಂದು ಮಾತು ತಪ್ಪದೆ ಬೀಳುತ್ತದೆ: "ಭೌತಶಾಸ್ತ್ರ ನನ್ನ ತಲೆಗೆ ಹತ್ತುವ ವಿಷಯವಲ್ಲ, ಸಾರ್." ಹೀಗೆನ್ನುವವರಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಒಳ್ಳೆಯ ಅಂಕಗಳನ್ನು ಪಡೆದು, ಇಂಗ್ಲಿಷಿನಲ್ಲಿ ಬರೆದ ವಿಜ್ಞಾನದ ಪುಸ್ತಕವನ್ನು ಆಗತಾನೆ ತೆರೆದವರು. ವೇಗವೆಂದರೇನೆಂಬುದನ್ನು ಅವರು ಬಲ್ಲರು. 'ವೆಲಾಸಿಟಿ' ಎಂದೊಡನೆ ತಬ್ಬಿಬ್ಬಾಗುತ್ತಾರೆ. ಅವರು ಎಡವಿದ್ದು ಭಾಷೆಯಲ್ಲಿ. ತೀರ್ಪು ಕೊಟ್ಟುಕೊಳ್ಳುವುದು ಮಾತ್ರ ತಮ್ಮ ಬುದ್ಧಿಯ ಮೇಲೆ. ಈ ತೀರ್ಪನ್ನು ನಂಬಿ ಕೆಲವರು ವಿಜ್ಞಾನವನ್ನೇ ತೊರೆದುಹೋಗುವುದನ್ನು ನಾವು ಕಂಡಿದ್ದೇವೆ.

ವಿದ್ಯಾರ್ಥಿಯು ತನ್ನನ್ನು ಕುರಿತು ತಾನೇ ಮಾಡಿಕೊಂಡ ಕಲ್ಪನೆಗೆ ಇಷ್ಟು ಬಲವಿದೆಯೆ? ಇದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. "ಈ ಕೆಲಸವನ್ನು ನಾನು ಮಾಡಬಲ್ಲೆ" ಎಂಬ ನಂಬಿಕೆಯ ಮಹತ್ತ್ವವನ್ನು ಆಲ್ಬರ್ಟ್ ಬ್ಯಾಂಡುರಾ ಅವರು 1977ರಲ್ಲಿ ವಿವರಿಸಿದರು. ಈ ನಂಬಿಕೆಯುಳ್ಳವನು ಲೆಕ್ಕವೊಂದು ತಪ್ಪಿದರೆ ಮತ್ತೊಮ್ಮೆ ಕೈಹಾಕುತ್ತಾನೆ. ಇಲ್ಲದವನು ಪುಸ್ತಕವನ್ನು ಮುಚ್ಚುತ್ತಾನೆ. ಮುಚ್ಚಿದ್ದರಿಂದ ಲೆಕ್ಕ ಬರುವುದಿಲ್ಲ. ಬಾರದಿದ್ದುದರಿಂದ ಮೊದಲಿನ ಅನುಮಾನವೇ ದೃಢವಾಗುತ್ತದೆ. ಇದಲ್ಲದೆ, ಮನುಷ್ಯನ ಮನಸ್ಸಿನಲ್ಲಿ ತಾನು ಮುಂದೆ ಏನಾಗಬಯಸುತ್ತೇನೆ, ಏನಾಗಿಬಿಡುವೆನೋ ಎಂದು ಅಂಜುತ್ತೇನೆ ಎಂಬ ಚಿತ್ರಗಳೂ ಇದ್ದು, ಅವು ಅವನ ಇಂದಿನ ನಡತೆಯನ್ನು ತಿದ್ದುತ್ತವೆಯೆಂದು ಹೇಜೆಲ್ ಮಾರ್ಕಸ್ ಮತ್ತು ಪೌಲಾ ನ್ಯೂರಿಯಸ್ ಅವರು 1986ರಲ್ಲಿ ಪ್ರತಿಪಾದಿಸಿದರು.

ಹಾಗಾದರೆ ದೊಡ್ಡ ಗುರಿಯೊಂದನ್ನು ತೋರಿಸಿದರೆ ಸಾಕಲ್ಲವೆ? ನಾವೂ ಹಾಗೆಯೇ ತಿಳಿದಿದ್ದೆವು. ಅಧ್ಯಾಪಕರಾದ ಹೊಸತರಲ್ಲಿ, ಎದೆಗುಂದಿದ ಹುಡುಗನೊಬ್ಬನಿಗೆ ಸರ್ ಸಿ. ವಿ. ರಾಮನ್ ಅವರ ಜೀವನವನ್ನು ಅರ್ಧ ಗಂಟೆ ವರ್ಣಿಸಿದೆವು. ಅವನು ಕಣ್ಣರಳಿಸಿ ಕೇಳಿದನು. ಮುಂದಿನ ತಿಂಗಳು ತರಗತಿಯನ್ನೇ ಬಿಟ್ಟನು. ನಾವು ತೋರಿಸಿದ ಗುರಿ ದೊಡ್ಡದಾಗಿತ್ತು, ನಿಜ. ಆದರೆ ಮರುದಿನ ಬೆಳಗ್ಗೆ ಯಾವ ಪುಟವನ್ನು ತೆರೆಯಬೇಕೆಂಬುದನ್ನು ಅದು ಅವನಿಗೆ ಹೇಳಲಿಲ್ಲ.

ನಮ್ಮ ತಪ್ಪು ಎಲ್ಲಿತ್ತೆಂಬುದು ಬ್ಯಾಂಡುರಾ ಮತ್ತು ಡೇಲ್ ಶುಂಕ್ ಅವರು 1981ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಓದಿದಾಗ ಹೊಳೆಯಿತು. ಗಣಿತದಲ್ಲಿ ಬಹಳ ಹಿಂದುಳಿದ, ಅದರಲ್ಲಿ ಆಸಕ್ತಿಯೂ ಇಲ್ಲದ ಚಿಕ್ಕ ಮಕ್ಕಳಿಗೆ ವ್ಯವಕಲನವನ್ನು ತಾವಾಗಿಯೇ ಕಲಿಯಲು 42 ಪುಟಗಳ ಪಾಠವನ್ನು ಕೊಡಲಾಯಿತು. ಅವಧಿ 7 ಬೈಠಕುಗಳು. ಒಂದು ಗುಂಪಿಗೆ ಪ್ರತಿ ಬೈಠಕಿನಲ್ಲಿಯೂ 6 ಪುಟಗಳನ್ನು ಮುಗಿಸುವ ಗುರಿಯನ್ನು ಸೂಚಿಸಿದರು. ಎರಡನೆಯ ಗುಂಪಿಗೆ ಕೊನೆಯ ಬೈಠಕಿನ ವೇಳೆಗೆ 42 ಪುಟಗಳನ್ನೂ ಮುಗಿಸುವ ಗುರಿ. ಮೂರನೆಯದಕ್ಕೆ ಯಾವ ಗುರಿಯೂ ಇಲ್ಲ. ಏಳನ್ನು ಆರರಿಂದ ಗುಣಿಸಿದರೆ ನಲವತ್ತೆರಡೇ. ಮೊದಲೆರಡು ಗುಂಪುಗಳ ಕೆಲಸ ಒಂದೇ. ಆದರೆ ಫಲಿತಾಂಶ ಒಂದೇ ಆಗಲಿಲ್ಲ. ಹತ್ತಿರದ ಗುರಿಯಿದ್ದ ಮಕ್ಕಳು ಬೇಗಬೇಗನೆ ಕಲಿತರು. ಅವರಲ್ಲಿ ಆತ್ಮವಿಶ್ವಾಸವೂ, ಮೊದಲು ಬೇಡವಾಗಿದ್ದ ಗಣಿತದಲ್ಲಿ ಅಭಿರುಚಿಯೂ ಮೂಡಿದವು. ದೂರದ ಗುರಿಯೊಂದೇ ಇದ್ದವರಿಗೆ ಆ ಗುರಿಯಿಂದ ಎದ್ದುಕಾಣುವ ಯಾವ ಪ್ರಯೋಜನವೂ ಆಗಲಿಲ್ಲ.

ಇದರ ಕಾರಣವನ್ನು ನಮ್ಮ ಪ್ರಯೋಗಶಾಲೆಯ ಮಾತಿನಲ್ಲಿ ಹೇಳಬಹುದು. ಸಾಮಾನ್ಯ ಅಳತೆಪಟ್ಟಿಯಿಂದ ಒಂದು ಮಿಲಿಮೀಟರಿಗಿಂತ ಸಣ್ಣ ಅಂತರವನ್ನು ಓದಲಾಗದು. ತಲೆಗೂದಲೊಂದನ್ನು ಅದರ ಮೇಲಿಟ್ಟರೆ ದಪ್ಪವೇ ಇಲ್ಲವೆಂಬಂತೆ ತೋರುತ್ತದೆ. ಅದೇ ಕೂದಲನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು ಓದಬಲ್ಲ ಸ್ಕ್ರೂ ಗೇಜಿನಲ್ಲಿಟ್ಟು ನೋಡಿ, ದಪ್ಪ ಕಾಣುತ್ತದೆ. ವಿಜ್ಞಾನಿಯಾಗುವ ಗುರಿಯಿಂದ ಒಂದು ದಿನದ ಕಲಿಕೆಯನ್ನು ಅಳೆದರೆ ಉತ್ತರ ಸೊನ್ನೆ. ಮೂರು ಲೆಕ್ಕಗಳ ಗುರಿಯಿಂದ ಅಳೆದರೆ ಬೆಳವಣಿಗೆ ಕಣ್ಣಿಗೆ ಬೀಳುತ್ತದೆ. ಹೀಗೆ ಕಂಡ ಬೆಳವಣಿಗೆಯೇ ನಂಬಿಕೆಗೆ ಆಧಾರ. ಬರಿಯ ಹೊಗಳಿಕೆಯಿಂದ ಬಂದ ನಂಬಿಕೆ ಮುಂದಿನ ಪರೀಕ್ಷೆಯವರೆಗೂ ಬಾಳುವುದಿಲ್ಲ.

ಹಾಗೆಂದು ದೂರದ ಗುರಿ ಬೇಡವೆಂದಲ್ಲ. ದಾರಿಯ ದಿಕ್ಕನ್ನು ತೋರುವುದು ಅದೇ. ಹತ್ತಿರದ ಗುರಿಯೂ ತೀರ ಸುಲಭವಾಗಿರಬಾರದು, ಗೆದ್ದರೂ ಗೆದ್ದಂತೆನಿಸದು. ಭಾಷೆಯ ತೊಡಕಂತೂ ನಂಬಿಕೆಯೊಂದರಿಂದಲೇ ಕರಗುವುದಿಲ್ಲ. ಅದನ್ನು ಬಿಡಿಸುವುದು ಅಧ್ಯಾಪಕನ ಹೊಣೆ. ಈಗ ನಾವು ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿಯೂ ಬರೆಸುತ್ತೇವೆ, ಮೂರು ಲೆಕ್ಕಗಳನ್ನು ಕೊಡುತ್ತೇವೆ. ತಾನು ಮಾಡಿದ್ದನ್ನು ವಿದ್ಯಾರ್ಥಿಯೇ ದಿನಾಂಕದೊಡನೆ ಗುರುತುಹಾಕಿಕೊಳ್ಳಬೇಕು. ಹೋಲಿಕೆ ತನ್ನ ಹೋದ ವಾರದೊಡನೆ ಮಾತ್ರ, ಪಕ್ಕದವನೊಡನೆ ಅಲ್ಲ.

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಬಂದು ಅದೇ ಹಳೆಯ ಮಾತನ್ನಾಡಿದಳು. ಈ ಸಲ ನಾವು ಯಾವ ಮಹಾಪುರುಷನ ಕಥೆಯನ್ನೂ ಹೇಳಲಿಲ್ಲ. "ಯಾವ ಪುಟದಿಂದ ಹತ್ತುತ್ತಿಲ್ಲ?" ಎಂದು ಕೇಳಿದೆವು. ಅವಳು ಪುಸ್ತಕವನ್ನು ತಿರುವಿದಳು. ಸದಿಶಗಳ ಪಾಠದಲ್ಲಿ 'ರಿಸಲ್ಟೆಂಟ್' ಎಂಬ ಪದದ ಮೇಲೆ ಬೆರಳು ನಿಂತಿತು. ಅಲ್ಲಿಂದಲೇ ಪಾಠವನ್ನು ಪ್ರಾರಂಭಿಸಿದೆವು.