ಹೆಸರು ಹಾಕಿದ ಮೇಲೆ ಹೊಣೆಯೂ ನಮ್ಮದೇ
(ಅಧ್ಯಯನ ಪಾಠ – ಸಂಘದ ಸಭೆಗಳಲ್ಲಿ ಓದಿ ಚರ್ಚಿಸಲು)



ಸ್ಟೆಮ್ ಸೆಲ್ ಅಥವಾ ಆಕರಕೋಶ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗಂದ್ರೆ ಏನು? ನರ, ರಕ್ತ, ಸ್ನಾಯು ಹೀಗೆ ದೇಹದ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾಗದವರಿಗೆ, ಮಧುಮೇಹಿಗಳಿಗೆ ಇದರಿಂದ ಚಿಕಿತ್ಸೆ ಸಿಗಬಹುದೆಂಬ ಆಸೆ ದೊಡ್ಡದು. ಆ ಆಸೆಯ ಹೆಸರಲ್ಲಿ ನಡೆದ ಒಂದು ಮೋಸವನ್ನು ಈ ಪಾಠದಲ್ಲಿ ನೋಡೋಣ.

ನಡೆದದ್ದೇನು?

ದಕ್ಷಿಣ ಕೊರಿಯಾದ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಹ್ವಾಂಗ್ ವೂ-ಸುಕ್ ಎಂಬ ಪಶುವೈದ್ಯ ವಿಜ್ಞಾನಿ ಇದ್ದರು. ತದ್ರೂಪಿ ಮಾನವ ಭ್ರೂಣದಿಂದ ಆಕರಕೋಶ ತೆಗೆದಿದ್ದೇವೆ ಎಂದು 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2005ರ ಮೇ ತಿಂಗಳಲ್ಲಿ, ರೋಗಿಗಳ ಕೋಶದಿಂದಲೇ ಅಂಥ 11 ಕೋಶಸಾಲುಗಳನ್ನು ಬೆಳೆಸಿದ್ದೇವೆ ಎಂದರು. ಆ ಲೇಖನಕ್ಕೆ 25 ಮಂದಿಯ ಹೆಸರಿತ್ತು. ಅವರಲ್ಲಿ ಹಿರಿಯ ಲೇಖಕರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೆರಾಲ್ಡ್ ಶಾಟನ್. ಪ್ರಯೋಗ ನಡೆದದ್ದು ಕೊರಿಯಾದಲ್ಲಿ. ಲೇಖನ ಬರೆಯುವುದರಲ್ಲಿ ಮುಖ್ಯ ಕೈ ಶಾಟನ್‌ರದು.

2005ರ ನವೆಂಬರ್‌ನಲ್ಲಿ ಶಾಟನ್ ಈ ಸಹಯೋಗವನ್ನು ಮುರಿದುಕೊಂಡರು. ಅಂಡಾಣುಗಳನ್ನು ಪಡೆದ ರೀತಿ ಸರಿಯಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದೇ ತಿಂಗಳು ಹ್ವಾಂಗ್, ತಮ್ಮ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೇ ಅಂಡಾಣು ಕೊಟ್ಟದ್ದನ್ನು ಒಪ್ಪಿಕೊಂಡರು. ಕೆಲವು ಮಹಿಳೆಯರಿಗೆ ಹಣ ಕೊಟ್ಟದ್ದೂ ಹೊರಬಿತ್ತು. ಕೊರಿಯಾದ ಎಂಬಿಸಿ ದೂರದರ್ಶನ ಇದರ ಬೆನ್ನುಹತ್ತಿತ್ತು. ಜನ ಮಾತ್ರ ಮೊದಲು ಸಿಟ್ಟಾದದ್ದು ದೂರದರ್ಶನದವರ ಮೇಲೆ! ಹ್ವಾಂಗ್ ಅವರಿಗೆ ರಾಷ್ಟ್ರವೀರ ಆಗಿದ್ದರಲ್ಲ.

2006ರ ಜನವರಿಯಲ್ಲಿ ವಿಶ್ವವಿದ್ಯಾಲಯದ ತನಿಖೆ ಸತ್ಯ ಹೇಳಿತು: ರೋಗಿಗಳ ಕೋಶದ ಸಾಲು ಒಂದೂ ಇರಲಿಲ್ಲ. 'ಸೈನ್ಸ್' ಎರಡೂ ಲೇಖನಗಳನ್ನು ಹಿಂತೆಗೆದುಕೊಂಡಿತು. ನೂರಕ್ಕೂ ಹೆಚ್ಚು ಮಹಿಳೆಯರಿಂದ ಪಡೆದ ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳು ವ್ಯರ್ಥವಾಗಿದ್ದವು. ಅಂಡಾಣು ಕೊಡುವುದು ರಕ್ತ ಕೊಟ್ಟಷ್ಟು ಸುಲಭವಲ್ಲ. ದಿನಗಟ್ಟಲೆ ಹಾರ್ಮೋನ್ ಚುಚ್ಚುಮದ್ದು, ಆಮೇಲೆ ಸೂಜಿಯಿಂದ ಹೊರತೆಗೆಯುವುದು. ಕೆಲವರಿಗೆ ಅಂಡಾಶಯ ಊದಿ ತೊಂದರೆಯಾಗುವುದೂ ಉಂಟು.

ಶಾಟನ್‌ರ ಪಾಲೆಷ್ಟು?

ಅವರು ಸುಳ್ಳು ಅಂಕಿ ಸೃಷ್ಟಿಸಿಲ್ಲ ಎಂದು ಪಿಟ್ಸ್‌ಬರ್ಗ್‌ನ ಸಮಿತಿ 2006ರಲ್ಲಿ ಹೇಳಿತು. ಆದರೆ ಹಿರಿಯ ಲೇಖಕರಾಗಿ ಪರಿಶೀಲಿಸುವ ಹೊಣೆಯಿಂದ ನುಣುಚಿಕೊಂಡರು ಎಂದೂ ಹೇಳಿತು. ಮೋಸ ಮಾಡದಿರುವುದೊಂದೇ ಸಾಲದು, ನೋಡಬೇಕಾದವರು ನೋಡಲೂ ಬೇಕು.

ಕಲಿಯಬೇಕಾದದ್ದು

ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. 2007ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರ ತಂಡ, ಅಂಡಾಣುವೂ ಭ್ರೂಣವೂ ಇಲ್ಲದೆ ಮನುಷ್ಯರ ಚರ್ಮದ ಕೋಶದಿಂದಲೇ ಆಕರಕೋಶದಂಥ ಕೋಶ ಪಡೆಯಿತು. ಯಮನಾಕರಿಗೆ 2012ರಲ್ಲಿ ನೊಬೆಲ್ ಬಂತು. ಆತುರಪಡದವರಿಗೂ ದಾರಿ ಸಿಕ್ಕಿತು ಅಲ್ವೇ?

ಚರ್ಚೆಗೆ:

1. ಮೇಲಧಿಕಾರಿ ಕೇಳಿದಾಗ ಕೈಕೆಳಗಿನವರು ಕೊಡುವ ಒಪ್ಪಿಗೆ ನಿಜವಾದ ಒಪ್ಪಿಗೆಯೇ?
2. ಲೆಕ್ಕ ನೋಡದೆ ನಾವು ಎಲ್ಲೆಲ್ಲಿ ಸಹಿ ಹಾಕುತ್ತೇವೆ?
3. ನಾವು ಮೆಚ್ಚಿದವರನ್ನು ಯಾರಾದರೂ ಪ್ರಶ್ನಿಸಿದಾಗ ನಾವು ಸಿಟ್ಟಾಗುವುದು ಯಾರ ಮೇಲೆ?