ಕಾಫಿ ತೋಟದ ಜೀಪಿಗೆ ಎಂಥ ವಿಂಚ್ ಬೇಕು? ದುಡ್ಡು ಕೊಡುವ ಮೊದಲು ಈ ಲೆಕ್ಕ ಮಾಡಿ

ಮಳೆಗಾಲ ಹತ್ತಿರ ಬಂತು ಅಂದ್ರೆ ಅರೇಹಳ್ಳಿ ಸುತ್ತಮುತ್ತಲ ಹುಡುಗರಿಂದ ನನಗೆ ಬರುವ ಪ್ರಶ್ನೆ ಒಂದೇ: "ಅಣ್ಣಾ, ಜೀಪಿಗೆ ವಿಂಚ್ ಹಾಕಿಸ್ಬೇಕು, ಯಾವ್ದು ತಗೊಳ್ಲಿ?" ಜೊತೆಗೆ ಮೊಬೈಲಿನಲ್ಲಿ ಒಂದು ಸ್ಕ್ರೀನ್‌ಶಾಟ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 9,500 ಅಥವಾ 12,000 ಅಂತ ಬರೆದಿರುತ್ತೆ. ಅದು ಕೆ.ಜಿ. ಅಲ್ಲ, ಪೌಂಡು. 9,500 ಪೌಂಡು ಅಂದ್ರೆ ಸುಮಾರು 4,300 ಕೆ.ಜಿ. ಮಾತ್ರ. ಈ ಒಂದು ವಿಷಯ ಗೊತ್ತಿಲ್ಲದೆ ದುಡ್ಡು ಕಟ್ಟಿದವರನ್ನು ನಾನೇ ನೋಡಿದ್ದೇನೆ.

ನಾನು ಈ ವಿಷಯ ಕಲಿತದ್ದು ಪುಸ್ತಕದಿಂದ ಅಲ್ಲ, ಹೆದರಿಕೆಯಿಂದ. 2021ರ ನವೆಂಬರ್ ನಿಮಗೂ ನೆನಪಿರಬೇಕು. ಅರೇಬಿಕಾ ಹಣ್ಣಾಗಿ ಕೊಯ್ಲು ನಡೀತಿದ್ದಾಗಲೇ ಬಿಡದೆ ಮಳೆ ಹಿಡಿಯಿತು. ಒಂದು ಸಂಜೆ 24 ಚೀಲ ಹಣ್ಣು ತುಂಬಿಕೊಂಡು ಪಲ್ಪರ್ ಮನೆಗೆ ಏರಿ ಬರುತ್ತಿದ್ದ ನಮ್ಮ ಪಿಕಪ್ಪು ಕೆಳಗಿನ ತಿರುವಿನಲ್ಲಿ ಹೂತುಕೊಂಡಿತು. ಹಣ್ಣು ಅವತ್ತೇ ಪಲ್ಪ್ ಆಗದೆ ಚೀಲದಲ್ಲೇ ಉಳಿದರೆ ಬಿಸಿಯಾಗಿ ಹುಳಿಯುತ್ತೆ, ಗೊತ್ತಲ್ಲ. ಅವಸರದಲ್ಲಿ ಪಕ್ಕದ ತೋಟದ ಟ್ರ್ಯಾಕ್ಟರ್ ಕರೆಸಿ, ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆ ತಂತಿ ಹಗ್ಗ ಕಟ್ಟಿ ಎಳೆಸಿದೆವು. ಎರಡನೇ ಜಗ್ಗಿಗೆ ಹಗ್ಗ ತುಂಡಾಯಿತು. ತುಂಡಾದ ತುದಿ ಪಿಕಪ್ಪಿನ ಮುಂದಿನ ಗಾಜನ್ನು ಒಡೆದು, ಪಕ್ಕದ ಕಾಫಿ ಗಿಡದ ಎರಡು ರೆಕ್ಕೆ ಕತ್ತರಿಸಿ ಹಾಕಿತು. ಅದೇ ಗಿಡದ ಹತ್ತಿರ ನಿಂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತಿದ್ದ ಹುಡುಗ ಟಾರ್ಚ್ ತರೋಕೆ ಅಂತ ಆಗಷ್ಟೇ ಮೇಲೆ ಹೋಗಿದ್ದ. ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಗೆ ಮಾಡಿದ್ದೇನು? ಮೊದಲೇ ಮಾಡಬೇಕಾಗಿದ್ದನ್ನೇ. ಚೀಲಗಳನ್ನು ಇಳಿಸಿ ತಲೆಮೇಲೆ ಹೊತ್ತು ಸಾಗಿಸಿದೆವು, ಗಾಡಿ ಖಾಲಿಯಾದ ಮೇಲೆ ಸುಲಭವಾಗಿ ಬಂತು. ಆರು ಚೀಲ ಮಾತ್ರ ಅವತ್ತು ಪಲ್ಪ್ ಆಗದೆ ಉಳಿದು ವಾಸನೆ ಬಂದು, ಹಾಗೇ ಚೆರ್ರಿ ಒಣಗಿಸಬೇಕಾಯ್ತು.

ಈಗ ಲೆಕ್ಕಕ್ಕೆ ಬರೋಣ. ವಿಂಚ್ ಆರಿಸುವಾಗ ಎಲ್ಲರೂ ಹೇಳುವ ಸೂತ್ರ: ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು. 'ತುಂಬಿದ' ಅನ್ನೋ ಮಾತಿಗೆ ಗಮನ ಕೊಡಿ. ನಮ್ಮ ಪಿಕಪ್ಪು ಖಾಲಿ ಇದ್ದಾಗ 1,700 ಕೆ.ಜಿ. ಆಸುಪಾಸು. 50 ಕೆ.ಜಿ.ಯ 24 ಚೀಲ ಅಂದ್ರೆ 1,200. ಒಟ್ಟು 2,900. ಒಂದೂವರೆ ಪಟ್ಟು ಅಂದ್ರೆ 4,350 ಕೆ.ಜಿ. ಅಂದರೆ 9,500 ಪೌಂಡಿನ ವಿಂಚ್ ಕೂಡ ಕೂದಲೆಳೆಯಷ್ಟು ಕಡಿಮೆ. ನಿಮ್ಮ ಗಾಡಿಯ ಖಾಲಿ ತೂಕ ಆರ್‌ಸಿಯಲ್ಲಿ ಇರುತ್ತೆ, ಅಂದಾಜು ಮಾಡಬೇಡಿ, ತೆಗೆದು ನೋಡಿ. ಜೀಪು ಇರೋದು ತನ್ನನ್ನು ತಾನು ಎಳೆದುಕೊಳ್ಳೋಕೆ ಮಾತ್ರ ಅಲ್ಲ, ತೋಟದ ಪಿಕಪ್ಪನ್ನೂ ಎಳೆಯೋಕೆ ಅಂತಾದ್ರೆ ಪಿಕಪ್ಪಿನ ತೂಕವೇ ಲೆಕ್ಕಕ್ಕೆ ಬರಬೇಕು.

ಇದು ಅಂಗಡಿ ಲೆಕ್ಕ. ಕೆಸರಿನ ಲೆಕ್ಕ ಬೇರೆ. ಸೇನೆಯವರು ಗಾಡಿ ಎತ್ತುವಾಗ ಬಳಸುವ ಹಳೆಯ ಅಂದಾಜು ಒಂದಿದೆ, ತೋಟಕ್ಕೂ ಚೆನ್ನಾಗಿ ಹೊಂದುತ್ತೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ಎಳೆಯೋಕೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡು ಪಟ್ಟು. ಅದರ ಮೇಲೆ ಏರು ಇದ್ದರೆ ಪ್ರತಿ ಡಿಗ್ರಿಗೆ ತೂಕದ ಅರವತ್ತರಲ್ಲೊಂದು ಭಾಗ ಸೇರಿಸಿ. ಏರು ಎಷ್ಟು ಡಿಗ್ರಿ ಅಂತ ತಿಳಿಯೋಕೆ ಇಂಜಿನಿಯರ್ ಬೇಡ. ಫೋನಿನಲ್ಲಿ ಲೆವೆಲ್ ನೋಡುವ ಆ್ಯಪ್ ಇರುತ್ತೆ, ರಸ್ತೆ ಮೇಲೆ ಒಂದು ನೇರ ಹಲಗೆ ಇಟ್ಟು ಅದರ ಮೇಲೆ ಫೋನ್ ಇಡಿ, ಸಾಕು.

ನಮ್ಮ ತಿರುವು 15 ಡಿಗ್ರಿ. ಚಕ್ರ ಹೂತಿದ್ದಕ್ಕೆ 2,900, ಏರಿಗೆ 725, ಒಟ್ಟು 3,625 ಕೆ.ಜಿ. "ಹಾಗಾದ್ರೆ 4,300 ಎಳೆಯೋ ವಿಂಚ್ ಸಾಕಲ್ಲ?" ಅಂತೀರಿ. ಇಲ್ಲೇ ಇರೋದು ತಮಾಷೆ. ಡಬ್ಬದ ಮೇಲಿನ ಸಂಖ್ಯೆ, ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಇದ್ದಾಗಿನ ಶಕ್ತಿ. ಅಂದರೆ ಹಗ್ಗವನ್ನೆಲ್ಲ ಹೊರಗೆ ಎಳೆದು, ಕೊನೆಯ ಸುತ್ತುಗಳು ಮಾತ್ರ ಉಳಿದಾಗ. ಪದರ ಹೆಚ್ಚಿದಂತೆ ಡ್ರಮ್ ದಪ್ಪವಾಗುತ್ತೆ, ಎಳೆತ ಕಮ್ಮಿಯಾಗುತ್ತೆ. ಬಾವಿಯ ರಾಟೆಯ ದಿಮ್ಮಿ ದಪ್ಪಗಿದ್ದಷ್ಟೂ ಸೇದೋಕೆ ಕಷ್ಟ ಅನ್ನೋ ಹಾಗೆ. ನಾಲ್ಕನೇ ಪದರದಲ್ಲಿ ಸುಮಾರು ಮೂರನೇ ಒಂದು ಭಾಗ ಶಕ್ತಿ ಹೋಗಿರುತ್ತೆ. 4,300 ಇದ್ದದ್ದು 2,900ರ ಹತ್ತಿರ ಬರುತ್ತೆ. ಗಾಡಿ ಹತ್ತಿರದಲ್ಲೇ ಹೂತಿದೆ ಅಂತ ನಾಲ್ಕು ಮಾರು ಹಗ್ಗ ಬಿಟ್ಟು ಎಳೆದರೆ ವಿಂಚ್ ನರಳೋದು ಇದಕ್ಕೇ.

ಅದೇ ಚೀಲಗಳನ್ನು ಇಳಿಸಿ ನೋಡಿ: 1,700 ಮತ್ತು ಏರಿನ 425, ಒಟ್ಟು 2,125. ನಾಲ್ಕನೇ ಪದರದಲ್ಲೂ ಬರುತ್ತೆ. ಕೂಲಿಯವರು ಬೈದುಕೊಂಡರೂ ಪರವಾಗಿಲ್ಲ, ಮೊದಲು ಲೋಡ್ ಇಳಿಸಿ.

ಇಳಿಸೋಕೆ ಆಗದಿದ್ದರೆ ರಾಟೆ. ಇದನ್ನು ಸ್ನ್ಯಾಚ್ ಬ್ಲಾಕ್ ಅಂತಾರೆ, ಬದಿ ತೆರೆದು ಹಗ್ಗ ಕೂರಿಸುವ ಒಂಟಿ ರಾಟೆ. ನನ್ನ ಮಟ್ಟಿಗೆ 12,000 ಪೌಂಡಿನ ವಿಂಚಿಗೆ ಹೆಚ್ಚುವರಿ ದುಡ್ಡು ಹಾಕೋದಕ್ಕಿಂತ, 9,500ದ್ದು ತಗೊಂಡು ಒಳ್ಳೆ ರಾಟೆ ಇಟ್ಟುಕೊಳ್ಳೋದು ಮೇಲು. ಜೀಪಿನ ವಿಂಚಿನಿಂದ ಹಗ್ಗ ಕೆಳಗೆ ಪಿಕಪ್ಪಿನವರೆಗೆ ಹೋಗಿ, ಅಲ್ಲಿ ರಾಟೆ ಸುತ್ತಿ, ವಾಪಸ್ ಬಂದು ಜೀಪಿನ ಪಕ್ಕದ ಮರಕ್ಕೆ ಕಟ್ಟಿಕೊಳ್ಳುತ್ತೆ. ಎಳೆತ ಹೆಚ್ಚುಕಮ್ಮಿ ಎರಡು ಪಟ್ಟು, ವೇಗ ಅರ್ಧ. ಹಗ್ಗ ಹೆಚ್ಚು ಹೊರಗೆ ಬರೋದರಿಂದ ಡ್ರಮ್ಮಿನ ಪದರವೂ ಇಳಿಯುತ್ತೆ, ಅದು ಇನ್ನೊಂದು ಲಾಭ. ಮೂರನೆಯದು, ಭಾರ ಅರ್ಧ ಜೀಪಿಗೆ, ಅರ್ಧ ಮರಕ್ಕೆ. ಇದು ಮುಖ್ಯ. ಹಳೇ ಜೀಪು ಪಿಕಪ್ಪಿಗಿಂತ ಹಗುರ. ಒದ್ದೆ ಇಳಿಜಾರಿನಲ್ಲಿ ಪಿಕಪ್ಪು ಮೇಲೆ ಬರೋ ಬದಲು ಜೀಪೇ ಕೆಳಗೆ ಜಾರುತ್ತೆ. ರಾಟೆ ಇದ್ದರೂ ಜೀಪಿನ ಚಕ್ರಕ್ಕೆ ಕಲ್ಲು ಕೊಡಿ, ಚಾಸಿಯ ಕೊಕ್ಕೆಯಿಂದ ಇನ್ನೊಂದು ಮರಕ್ಕೆ ಕಟ್ಟಿ. ಬಂಪರಿಗೆ ಕಟ್ಟಿದರೆ ಬಂಪರ್ ಮಾತ್ರ ಉಳಿಯುತ್ತೆ.

ಒಂದು ಎಚ್ಚರಿಕೆ. ರಾಟೆಯನ್ನು ಮರಕ್ಕೆ ಕಟ್ಟಿ ಹಗ್ಗದ ತುದಿಯನ್ನು ನಿಮ್ಮ ಜೀಪಿಗೇ ವಾಪಸ್ ತಂದರೆ, ಆ ಮರದ ಮೇಲೆ ಬೀಳೋದು ಎರಡು ಎಳೆಗಳ ಭಾರ. ಪಟ್ಟಿ, ಶ್ಯಾಕಲ್ ಎಲ್ಲ ಅದಕ್ಕೆ ತಕ್ಕಂತೆ ಇರಬೇಕು. ಶ್ಯಾಕಲ್ ಮೇಲೆ 4.75 ಟನ್ ಅಂತ ಅಚ್ಚೊತ್ತಿರುವುದನ್ನೇ ತಗೊಳ್ಳಿ. ಏನೂ ಬರೆಯದೆ ಮಿಂಚುವ ಶ್ಯಾಕಲ್ ನಾಯಿ ಕಟ್ಟೋಕೆ ಸರಿ.

ಇನ್ನು ಮರ. ನಮ್ಮ ಕಡೆ ರಸ್ತೆಗೆ ಹತ್ತಿರ ಸಿಗೋದೆಲ್ಲ ಸಿಲ್ವರ್ ಓಕ್, ಅದರ ತುಂಬ ಮೆಣಸಿನ ಬಳ್ಳಿ. ಪಟ್ಟಿ ಕಟ್ಟಬೇಕಾದ್ದು ಮರದ ಬುಡದಲ್ಲಿ, ಆದಷ್ಟು ನೆಲಕ್ಕೆ ಹತ್ತಿರ. ಬಳ್ಳಿಯ ಬುಡವೂ ಅಲ್ಲೇ. ಒಂದು ಎಳೆತಕ್ಕೆ ಹತ್ತು ವರ್ಷದ ಬಳ್ಳಿ ಜಜ್ಜಿ ಹೋಗುತ್ತೆ, ಅದು ಬಾಡೋದು ಗೊತ್ತಾಗೋದು ತಿಂಗಳಾದ ಮೇಲೆ. ಆದ್ದರಿಂದ ಈಗಲೇ ಒಂದು ಸುತ್ತು ತೋಟದ ರಸ್ತೆಯಲ್ಲಿ ನಡೆದು ಬನ್ನಿ. ಗಾಡಿ ಹೂಳುವ ಜಾಗ ನಿಮಗೇ ಗೊತ್ತು. ಪ್ರತಿ ಜಾಗಕ್ಕೂ ಬಳ್ಳಿ ಇಲ್ಲದ, ಗಟ್ಟಿ ಬೇರಿನ ಒಂದು ಹಲಸೋ, ಹೊನ್ನೆಯೋ, ಮತ್ತಿಯೋ ನೋಡಿ ಸುಣ್ಣದ ಗುರುತು ಹಾಕಿ, ಫೋನಿನಲ್ಲಿ ಫೋಟೊ ತೆಗೆದು ಜಾಗ ಪಿನ್ ಮಾಡಿಟ್ಟುಕೊಳ್ಳಿ. ಮಳೆ ರಾತ್ರಿಯಲ್ಲಿ ಟಾರ್ಚ್ ಹಿಡಿದು ಮರ ಹುಡುಕೋ ಕೆಲಸ ಉಳಿಯುತ್ತೆ. ಮರಕ್ಕೆ ನೇರವಾಗಿ ತಂತಿ ಹಗ್ಗ ಸುತ್ತಬೇಡಿ, ತೊಗಟೆ ಕತ್ತರಿಸಿಕೊಂಡು ಹೋಗುತ್ತೆ, ಹಗ್ಗಕ್ಕೂ ಮಡಿಕೆ ಬೀಳುತ್ತೆ. 75 ಮಿ.ಮೀ. ಅಗಲದ ಪಟ್ಟಿಯೇ ಬೇಕು.

ಅರಸೀಕೆರೆ ಕಡೆಯ ಓದುಗರು ಕೇಳಬಹುದು, ಕೆರೆ ಗೋಡು ಹೊಡೆಯುವಾಗ ಅಂಗಳದಲ್ಲಿ ಹೂತರೆ ಸುತ್ತ ಮರವೇ ಇರಲ್ಲ, ಏನ್ಮಾಡೋದು ಅಂತ. ಎಳೆಯುವ ದಿಕ್ಕಿಗೆ ಅಡ್ಡವಾಗಿ ಆಳದ ಗುಂಡಿ ತೆಗೆದು, ಸ್ಟೆಪ್ನಿ ಚಕ್ರವನ್ನೋ ದಪ್ಪ ದಿಮ್ಮಿಯನ್ನೋ ಹೂಳಿ, ಅದಕ್ಕೆ ಪಟ್ಟಿ ಕಟ್ಟಬೇಕು. ಪಟ್ಟಿ ಹೊರಗೆ ಬರೋಕೆ ಓರೆಯಾಗಿ ಸಣ್ಣ ಕಾಲುವೆ ಮಾಡಿ. ಬೆವರು ಇಳಿಯುತ್ತೆ, ಆದ್ರೆ ಗಟ್ಟಿ ನಿಲ್ಲುತ್ತೆ.

ಹಗ್ಗ ಯಾವುದು, ತಂತಿಯೋ ಸಿಂಥೆಟಿಕ್ಕೋ? ನಾನು ಸಿಂಥೆಟಿಕ್ ಪಕ್ಷ. ಕಾರಣ ಮೇಲೆ ಹೇಳಿದ ಸಂಜೆ. ಉಕ್ಕಿನ ಹಗ್ಗ ಬಿಗಿಯಾದಾಗ ಸ್ಪ್ರಿಂಗಿನ ಹಾಗೆ ಶಕ್ತಿ ತುಂಬಿಕೊಳ್ಳುತ್ತೆ, ಅದರ ತೂಕವೂ ಜಾಸ್ತಿ, ತುಂಡಾದ್ರೆ ಚಾಟಿ. ಸಿಂಥೆಟಿಕ್ ಹಗುರ, ತುಂಡಾದರೂ ಅಷ್ಟು ಬೀಸಲ್ಲ, ತಂತಿಯ ಮುಳ್ಳು ಕೈಗೆ ಚುಚ್ಚಲ್ಲ. ಆದರೆ ಅದಕ್ಕೆ ಶತ್ರುಗಳು ಜಾಸ್ತಿ: ಬಿಸಿಲು, ಕಲ್ಲಿನ ಅಂಚು, ಎಳೆಗಳ ಒಳಗೆ ಸೇರುವ ಮರಳು. ಕೆಲಸ ಆದ ಮೇಲೆ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಶೆಡ್ಡಿನ ಇಲಿಗಳ ಬಗ್ಗೆ ನಾನು ಹೇಳೋದೇ ಬೇಡ. ತೊಳೆಯೋ ಶಿಸ್ತು ನಿಮ್ಮ ತೋಟದಲ್ಲಿ ಇಲ್ಲ ಅಂತ ನಿಮಗೇ ಗೊತ್ತಿದ್ದರೆ ತಂತಿಯದ್ದೇ ತಗೊಳ್ಳಿ, ಚರ್ಮದ ಗ್ಲೌಸ್ ಹಾಕಿ. ತಂತಿ ಹಗ್ಗ ಓಡಿದ ಹಳೇ ರೋಲರ್ ಮೇಲೆ ಸಿಂಥೆಟಿಕ್ ಹಾಕಬೇಡಿ. ಅದಕ್ಕೆ ನುಣುಪಾದ ಅಲ್ಯೂಮಿನಿಯಂ ಗೈಡ್ ಬೇರೆ ಬರುತ್ತೆ. ಯಾವ ಹಗ್ಗವಾದರೂ ಪೂರ್ತಿ ಬಿಚ್ಚಬೇಡಿ. ಡ್ರಮ್ಮಿನಲ್ಲಿ ತಂತಿ ಕನಿಷ್ಠ ಐದು ಸುತ್ತು, ಸಿಂಥೆಟಿಕ್ ಎಂಟು ಹತ್ತು ಸುತ್ತು ಉಳಿದಿರಬೇಕು.

ಎಳೆಯುವಾಗ ಹಗ್ಗದ ಮಧ್ಯಕ್ಕೆ ಒಂದು ಒದ್ದೆ ಗೋಣಿಚೀಲ ಹೊದಿಸಿ, ಒಳಗೆ ಎರಡು ಹಿಡಿ ಮಣ್ಣು ಇದ್ದರೆ ಇನ್ನೂ ಒಳ್ಳೇದು. ತುಂಡಾದ್ರೆ ಅದೇ ಹಗ್ಗವನ್ನು ನೆಲಕ್ಕೆ ಒತ್ತುತ್ತೆ. ಹಗ್ಗ ಇರುವಷ್ಟು ಉದ್ದದ ಸುತ್ತಳತೆಯಲ್ಲಿ ಯಾರೂ ನಿಲ್ಲಬಾರದು. ಮೊಬೈಲ್ ಹಿಡಿದು ವಿಡಿಯೊ ಮಾಡುವ ತಮ್ಮಂದಿರೇ, ಇದು ನಿಮಗೇ ಹೇಳ್ತಿರೋದು. ಸನ್ನೆ ಮಾಡುವವನು ಒಬ್ಬನೇ ಇರಲಿ.

ಕರೆಂಟಿನ ವಿಷಯ ಚುಟುಕಾಗಿ. ಪೂರ್ತಿ ಭಾರ ಬಿದ್ದಾಗ ಈ ಗಾತ್ರದ ವಿಂಚ್ 400 ಆಂಪಿಯರ್ ಆಸುಪಾಸು ಎಳೆಯುತ್ತೆ. ಹಳೇ ಜೀಪಿನ ಡೈನಮೊ ಅದರ ಕಾಲುಭಾಗವನ್ನೂ ಕೊಡಲ್ಲ, ಉಳಿದದ್ದೆಲ್ಲ ಬ್ಯಾಟರಿಯಿಂದ. ಇಂಜಿನ್ ಚಾಲೂ ಇಟ್ಟು, ಒಂದು ನಿಮಿಷ ಎಳೆದು, ಮೋಟರ್ ಆರೋಕೆ ಬಿಟ್ಟು ಮತ್ತೆ ಎಳೀರಿ. ಬ್ಯಾಟರಿಯಿಂದ ಬರುವ ವೈರಿಗೆ ಕೈಯಲ್ಲಿ ತಿರುಗಿಸುವ ಕಟ್-ಆಫ್ ಸ್ವಿಚ್ ಹಾಕಿಸಿ. ನಮ್ಮ ಮಳೆಗೆ ಐಪಿ 67 ಅಂತ ಬರೆದಿರುವುದೇ ಬೇಕು.

ಬಂಪರ್ ಬಗ್ಗೆಯೂ ಕೇಳ್ತಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡನ್ನು ನಿರ್ಬಂಧಿಸುತ್ತೆ. ದಪ್ಪ ಕಬ್ಬಿಣದ ಬಂಪರ್ ಹಾಕಿಸಿಕೊಂಡು ಹಾಸನಕ್ಕೆ ಹೋಗೋ ಮುಂಚೆ ಯೋಚನೆ ಮಾಡಿ. ತೋಟ ಬಿಟ್ಟು ಹೊರಗೆ ಹೋಗದ ಜೀಪಿನ ಮಾತು ಬೇರೆ.

ಇಷ್ಟೆಲ್ಲ ಓದಿ, ನಮ್ಮ ಗಾಡಿ ವರ್ಷಕ್ಕೆ ಎರಡು ಸಲ ಹೂಳುತ್ತೆ ಅಷ್ಟೇ ಅಂದ್ಕೊಂಡ್ರೆ, ನಿಮಗೆ ಎಲೆಕ್ಟ್ರಿಕ್ ವಿಂಚೇ ಬೇಡ. ಮರದ ದಿಮ್ಮಿ ಎಳೆಯುವವರು ಬಳಸುವ, ಹಿಡಿ ಹಿಂದೆ ಮುಂದೆ ಆಡಿಸುವ ಕೈ ವಿಂಚ್, ಟಿರ್ಫರ್ ಅಂತಾರಲ್ಲ, ಅದು ಸಾಕು. 1.6 ಟನ್, 3.2 ಟನ್ ಅಳತೆಗಳಲ್ಲೂ ಸಿಗುತ್ತೆ. ನಿಧಾನ, ತೂಕ, ತೋಳು ನೋವು. ಆದರೆ ಬ್ಯಾಟರಿ ಬೇಡ, ಗಾಡಿಯನ್ನು ಹಿಂದಕ್ಕೂ ಎಳೆಯುತ್ತೆ, ಓರೆಗೂ ಎಳೆಯುತ್ತೆ, ಬೇಸಿಗೆಯಲ್ಲಿ ಬಿದ್ದ ಮರ ಸರಿಸೋಕೂ ಆಗುತ್ತೆ. ನಾನು ಕೊನೆಗೆ ಕೊಂಡದ್ದು 3.2 ಟನ್ನಿನ ಇದನ್ನೇ, ಜೊತೆಗೆ ಒಂದು ರಾಟೆ, ಎರಡು ಪಟ್ಟಿ, ನಾಲ್ಕು ಶ್ಯಾಕಲ್.

ಇನ್ನೊಂದು ಮಾತು, ನಮ್ಮ ಬಿಕ್ಕೋಡು, ಅರೇಹಳ್ಳಿ ಕಡೆಯವರಿಗೆ ಮಾತ್ರ. ಕತ್ತಲಾಗೋಕೆ ಬಂತು, ಆನೆ ಹತ್ತಿರದಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬಂತು ಅಂದ್ರೆ ಗಾಡಿ ಅಲ್ಲೇ ಬಿಡಿ. ಹಣ್ಣು ಹುಳಿಯಲಿ. ವಿಂಚಿನ ಸದ್ದಿನಲ್ಲಿ ಹಿಂದೆ ಏನು ಬಂದು ನಿಂತಿದೆ ಅಂತ ಕೇಳಿಸಲ್ಲ.

ಅಂದಹಾಗೆ ಆ ತಿರುವಿಗೆ ಮುಂದಿನ ಬೇಸಿಗೆಯಲ್ಲೇ ಚರಂಡಿ ತೆಗೆಸಿ ಎರಡು ಲೋಡು ಕಲ್ಲು ಹಾಕಿಸಿದೆ. ಅಲ್ಲಿ ಆಮೇಲೆ ಗಾಡಿ ಹೂತಿಲ್ಲ. ಈಗ ಹೂಳೋದು ಅದಕ್ಕಿಂತ ಕೆಳಗೆ, ಹಳ್ಳ ದಾಟೋ ಜಾಗದಲ್ಲಿ. ಅಲ್ಲಿ ಒಂದು ಹಲಸಿನ ಮರಕ್ಕೆ ಸುಣ್ಣ ಬಳಿದಿದ್ದೇನೆ.